ಗುಡಿಯ ಬಾಗಿಲಿನಾಚೆ

"ಕ್ಯಾಮೆರಾ ಹಿಮ್ಮುಖವಾಗಿ ಯಾಕೆ ಬರುತ್ತಿದೆ?" ಎಂದು ಎಲೆನಿ ಇಂಗ್ಲಿಷಿನಲ್ಲಿ ಕೇಳಿದಾಗ ಸಿರಿಶಾಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ.

ಪರದೆಯ ಮೇಲಿದ್ದದ್ದು ಗ್ರೀಸಿನ ದ್ವೀಪವೊಂದರ ಪ್ರಾಚೀನ ಗುಡಿ. ನಿಜದಲ್ಲಿ ಅಲ್ಲೀಗ ಉಳಿದಿರುವುದು ನಾಲ್ಕಾರು ಕಂಬಗಳ ಬುಡ ಮಾತ್ರ. ಮ್ಯೂಸಿಯಮ್ಮೊಂದರ ಪ್ರದರ್ಶನಕ್ಕಾಗಿ ಅದನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಕೆಲಸ ಹೌನ್ಸ್ಲೋದ ರಾಮಪ್ರಸಾದರ ಪುಟ್ಟ ಕಚೇರಿಗೆ ಬಂದಿತ್ತು. ಕಟ್ಟಿದವಳು ಸಿರಿಶಾ. ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಓದಿ, ಮದುವೆಯಾಗಿ ವಿದೇಶಕ್ಕೆ, ಹ್ಯಾರೋಗೆ ಬಂದು, ವರ್ಷಗಟ್ಟಲೆ ದಿನಸಿ ಅಂಗಡಿಯಲ್ಲಿ ಬಿಲ್ ಹಾಕುವ ಟಿಲ್ ಮುಂದೆ ಕೂತು ಬೇಸತ್ತವಳು. ಮ್ಯೂಸಿಯಮ್ಮಿನ ಎಲೆನಿ ಇವತ್ತು ಒಪ್ಪಿದರೆ ಈ ಕೆಲಸ ಕಾಯಂ. ಇಲ್ಲವಾದರೆ ಮತ್ತೆ ಅದೇ ಅಕ್ಕಿ ಬೇಳೆ.

ಪರದೆಯೊಳಗಿನ ಅವಳ ಕ್ಯಾಮೆರಾ ಗುಡಿಯ ಮೆಟ್ಟಿಲು ಹತ್ತಿ ಒಳಹೋಗಿ, ಅಲ್ಲಿದ್ದ ದೇವಿಯ ಮೂರ್ತಿಯ ಮುಂದೆ ನಿಂತು, ಮುಖ ನೋಡುತ್ತಲೇ ಹಿಂದಡಿ ಇಡುತ್ತ ಹೊರಬರುತ್ತಿತ್ತು. ರಾಮಪ್ರಸಾದರಿಗೆ ತಟ್ಟನೆ ಹೊಳೆಯಿತು.

"ಏನ್ರೀ ಸಿರಿಶಾ, ಕೊಲ್ಲೂರಿಗೆ ಹೋದಂಗೆ ಮಾಡಿದೀರಲ್ರೀ!"

"ದೇವ್ರಿಗೆ ಬೆನ್ನ್ ಹಾಕೂಕಾಗ ಅಲ್ದಾ ಸರ್..." ಅವಳ ಮುಖ ಕೆಂಪಾಯಿತು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು.

ವಿಷಯ ತಿಳಿದು ಎಲೆನಿಯೂ ನಕ್ಕರು. "ನಮ್ಮ ಹಿಂದಿನವರು ಒಳಗೆ ಹೋಗುತ್ತಿದ್ದದ್ದೇ ಕಡಿಮೆ. ಬಲಿಪೀಠ, ಪೂಜೆ, ಜನ, ಎಲ್ಲ ಹೊರಗೇ. ಒಮ್ಮೆ ತಿರುಗಿಸಿ, ಬಾಗಿಲಿನಾಚೆ ನೋಡೋಣ."

ಸಿರಿಶಾ ಮೌಸಿನಿಂದ ಕೈ ತೆಗೆದಳು. ದೇವಿಗೆ ಬೆನ್ನು ತಿರುಗಿಸದ ಕ್ಯಾಮೆರಾಕ್ಕೆ ಬಾಗಿಲಿನೆದುರಿನ ಬಯಲು ಕಾಣುವ ಸಂದರ್ಭವೇ ಇರಲಿಲ್ಲ. ಹಾಗಾಗಿ ಅಲ್ಲಿ ಅವಳು ಒಂದು ಕಲ್ಲನ್ನೂ ಇಟ್ಟಿರಲಿಲ್ಲ.

ಅದು ಗೊತ್ತಿದ್ದ ರಾಮಪ್ರಸಾದರು ನಗುಮುಖ ಬದಲಿಸದೆ ಕನ್ನಡದಲ್ಲೇ ಹೇಳಿದರು: "ಮಷೀನ್ ಹ್ಯಾಂಗ್ ಆಯ್ತು ಅನ್ನಿ. ಶಾಟ್ ಒಳಗಡೇನೇ ಕಟ್ ಮಾಡೋಣ. ಇವತ್ತೇ ಓಕೆ ಮಾಡಿಸ್ಕೋತೀನಿ, ನಿಮ್ ಕೆಲ್ಸಾನೂ ಗಟ್ಟಿ."

ಹಾಗೇ ಹೇಳಿಬಿಡಲು ಸಿರಿಶಾ ಬಾಯಿ ತೆರೆದಳು. ಆದರೆ ಇಷ್ಟು ದಿನ ಕೂತು ತಿದ್ದಿದ ದೇವಿಯ ಮುಖ ಎದುರಿಗಿತ್ತು, ಅದರ ಕಣ್ಣು ಬಾಗಿಲಿನಾಚೆಗೇ ನೆಟ್ಟಿತ್ತು. ಪಾಪ, ಇವಳಿಗೆ ನೋಡಲು ನಾನು ಏನನ್ನೂ ಕೊಡಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕ್ಯಾಮೆರಾವನ್ನು ದೇವಿಯ ಕಣ್ಣಿನ ಜಾಗಕ್ಕೊಯ್ದು ತಿರುಗಿಸಿದಳು.

ಬಾಗಿಲಿನ ಚೌಕಟ್ಟಿನೊಳಗೆ ಬರೀ ಕಪ್ಪು.

"ನಾನಿದನ್ನು ಕಟ್ಟಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ಸಮಯ ಕೊಟ್ಟರೆ ಕಟ್ಟುತ್ತೇನೆ."

ಎಲೆನಿ ಆ ಕಪ್ಪನ್ನೊಮ್ಮೆ ನೋಡಿ, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, "ಇವರೇ ಕಟ್ಟಲಿ," ಎಂದು ರಾಮಪ್ರಸಾದರಿಗೆ ಹೇಳಿ ಸಿರಿಶಾಳ ಪಕ್ಕಕ್ಕೆ ಸರಿದರು. "ಬಾಗಿಲಿರುವುದು ಪೂರ್ವಕ್ಕೆ. ಸೂರ್ಯೋದಯದಿಂದ ಶುರುಮಾಡೋಣವೇ?"

"ಹಂಗಾದ್ರೆ ಮುಂದಿನ್ ತಿಂಗ್ಳೂ ನೀವು ಬರ್ಲೇಬೇಕಾಯ್ತಲ್ರೀ," ಎಂದು ಸಿರಿಶಾಳಿಗೆ ಹೇಳುತ್ತ ರಾಮಪ್ರಸಾದರು ಚಹಾಕ್ಕೆ ನೀರಿಡಲು ಎದ್ದರು.

ಸಿರಿಶಾ ಬಾಗಿಲಿನಾಚೆ, ತೀರ ಕೆಳಗೆ, ಒಂದು ಸೂರ್ಯನನ್ನಿಟ್ಟಳು. ಪರದೆಯಲ್ಲಿ ಹೊಸ ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಮೂಡತೊಡಗಿತು. ಬಾಗಿಲಿನ ತಲೆಪಟ್ಟಿ, ಇನ್ನೂ ಖಾಲಿಯಿರುವ ಹೊರಬಯಲು, ಹೊಸ್ತಿಲು. ಕೊನೆಗೆ ನೆಲದ ಮೇಲೆ, ದೇವಿಯ ತನಕ ಚಾಚಿದ ಬಿಸಿಲು.