ಮಣಿಕಟ್ಟಿನ ಮೇಲೆ ಮೂರು ಗಂದೆ

ಮೂರು, ಸರಿಯಾಗಿ ಮೂರು, ಎಡಗೈ ಮಣಿಕಟ್ಟಿನ ಮೇಲೆ ಒಂದೇ ಸಾಲಿನಲ್ಲಿ, ಹನ್ನೆರಡು ಒಂದು ಎರಡು ಎಂದು ಗಡಿಯಾರದ ಮುಖದ ಮೇಲೆ ಅಂಕಿ ಕೂತ ಹಾಗೆ ಕೂತಿವೆ, ನಡುವಿನ ಅಂತರವೂ ಅಳೆದಿಟ್ಟ ಹಾಗೆ — ಬಸ್ಸು ತಿರುವಿನಲ್ಲಿ ಹೊರಳಿದಾಗಲೆಲ್ಲ ಕಿಟಕಿಯ ಬಿಸಿಲು ಅವುಗಳ ಮೇಲೆ ಬೀಳುತ್ತದೆ, ಬಿದ್ದಾಗ ತುರಿಕೆ ಹೆಚ್ಚುತ್ತದೆ, ಅದು ಬಿಸಿಲಿಗೋ ಅಥವಾ ನಾನು ನೋಡುತ್ತಿದ್ದೇನೆ ಎಂಬುದಕ್ಕೋ, ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೆ, ಮುಚ್ಚಿದರೂ ತುರಿಸುತ್ತದೆ, ಆದರೆ ಒಂದು ಗುಲಗಂಜಿ ಕಡಿಮೆ. ಸೊಳ್ಳೆಯಲ್ಲ. ಸೊಳ್ಳೆ ಸಿಕ್ಕಸಿಕ್ಕಲ್ಲಿ ಕಚ್ಚಿ ಹಾರಿಬಿಡುತ್ತದೆ, ಅದಕ್ಕೆ ಸಾಲುಗೀಲು ಇಲ್ಲ, ಇದು ನಡೆಯುವ ಪ್ರಾಣಿಯ ಕೆಲಸ, ಒಂದು ಕಡೆ ಚುಚ್ಚಿ, ರುಚಿ ನೋಡಿ, ಎರಡು ಹೆಜ್ಜೆ ಮುಂದಿಟ್ಟು, ಮತ್ತೆ ಚುಚ್ಚಿ. ಸೊಳ್ಳೆ ಇರ್ಬೇಕಮ್ಮ, ನಮ್ಮ ಲಾಡ್ಜಲ್ಲಿ ತಿಗಣೆ ಅನ್ನೋದೇ ಇಲ್ಲ ಎಂದ ಬೆಳಿಗ್ಗೆ, ನಿನ್ನೆ ರಾತ್ರಿ ದಾರಿಯಲ್ಲಿ ತಂಗಿದ್ದ ಲಾಡ್ಜಿನ ಮ್ಯಾನೇಜರು, ಬೀಗದಕೈ ವಾಪಸು ಕೊಡುವಾಗ ನಾನು ಕೈ ತೋರಿಸಿದ್ದಕ್ಕೆ, ರಿಜಿಸ್ಟರಿನಿಂದ ತಲೆಯನ್ನೂ ಎತ್ತದೆ. ಬೇರೆ ಯಾರಾದರೂ ಆಗಿದ್ದರೆ ಆಯಿತು ಬಿಡಿ ಎಂದು ಬರುತ್ತಿದ್ದರು, ನಾನು ಅಷ್ಟರಲ್ಲಾಗಲೇ ಹಾಸಿಗೆಯ ಅಂಚನ್ನು ಬಿಡಿಸಿ ನೋಡಿ ಬಂದವಳು — ಹೊಲಿಗೆಯುದ್ದಕ್ಕೂ ಮಸಿಚುಕ್ಕೆ, ಪೆನ್ನಿನ ತುದಿಯಿಂದ ಕುಟ್ಟಿದ ಹಾಗೆ, ಮಡಿಕೆಯೊಳಗೆ ಇವನು, ಇವನೋ ಇವಳೋ, ಹೊಟ್ಟೆ ಬಿರಿಯ ಉಂಡು ಓಡಲಾರದೆ ಕೂತಿದ್ದ. ಸ್ಪ್ರಿಂಗ್ ಎತ್ತುವ ಚಿಮುಟದಿಂದಲೇ ಎತ್ತಿ, ಸ್ಕ್ರೂ ಹಾಕಿಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಬಿಟ್ಟು ಮುಚ್ಚಳ ಬಿಗಿದೆ. ಇಪ್ಪತ್ತಾರು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ ಇದು.

ಈಗ ಡಬ್ಬಿ ಅಂಗೈಯಲ್ಲಿದೆ, ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡಿದ್ದೇನೆ, ಬಸ್ಸಿನ ಕುಲುಕಾಟಕ್ಕೆ ಅವನು ಒಮ್ಮೆ ಆನೆಯಷ್ಟಾಗುತ್ತಾನೆ ಒಮ್ಮೆ ಮಸುಕಾಗಿ ಮಾಯವಾಗುತ್ತಾನೆ. ಏನದು, ಹರಳಾ ಎಂದಳು ಪಕ್ಕದ ಸೀಟಿನ ಹೆಂಗಸು, ಮೇಷ್ಟ್ರಮ್ಮ ಇರಬೇಕು, ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು. ತಿಗಣೆ ಎಂದೆ. ಸರಕ್ಕನೆ ಸೀಟಿನ ಆ ತುದಿಗೆ ಸರಿದಳು, ಕಟ್ಟನ್ನೂ ಎಳೆದುಕೊಂಡಳು, ಆದರೆ ಎರಡು ನಿಮಿಷ ತಡೆದಿರಲಾರಳು, ಕುತ್ತಿಗೆ ಚಾಚಿ, ಬದುಕಿದೆಯಾ? ಬದುಕಿದೆ. ಅದನ್ನ ಯಾಕೆ ಇಟ್ಕೊಂಡಿದೀರಿ? ಡಾಕ್ಟರಿಗೆ ತೋರಿಸೋಣ ಅಂತ. ಯಾಕೆ, ಏನಾಗಿದೆ ಅದಕ್ಕೆ ಎಂದಳು, ನಗಲೂ ಇಲ್ಲ, ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಬ್ಯಾಗು ಮನೆಯೊಳಗೆ ತಗೊಂಡು ಹೋಗ್ಬೇಡಿ, ನಮ್ಮನೆಗೆ ಒಂದೇ ಒಂದು ಸೂಟ್‌ಕೇಸ್ ಜೊತೆ ಬಂದವು ಎರಡು ವರ್ಷ ಬೀಡು ಬಿಟ್ಟವು, ಬಟ್ಟೆ ಎಲ್ಲ ಕುದಿಯೋ ನೀರಿಗೆ ಹಾಕಿ, ಬರೀ ಬಿಸಿಲು ಸಾಲದು ಎಂದಳು. ಹೂಂ ಎಂದೆ. ಹೋಗುತ್ತಿರುವುದು ಮನೆಗಲ್ಲ ಎನ್ನಲಿಲ್ಲ. ಮಸೂರದಡಿ ಅವನ ಹೊಟ್ಟೆ ಹೆಚ್ಚುಕಮ್ಮಿ ಗಾಜು, ಒಳಗೆ ಕಪ್ಪಿಗೆ ತಿರುಗುತ್ತಿರುವ ಕೆಂಪು, ಅದು ನನ್ನದು — ಎಂಥ ವಿಚಿತ್ರ, ನನ್ನ ರಕ್ತವನ್ನು ಇಷ್ಟು ಹತ್ತಿರದಿಂದ ನಾನು ನೋಡುತ್ತಿರುವುದು ಇದೇ ಮೊದಲು, ಅದೂ ಇನ್ನೊಬ್ಬರ ಹೊಟ್ಟೆಯಲ್ಲಿ. ತಮ್ಮನಿಗೆಂದು ಹೊತ್ತು ಹೊರಟದ್ದಕ್ಕೆ ಇದು ಮೊದಲೇ ಬಾಯಿ ಹಾಕಿದೆ.

ಹತ್ತಕ್ಕೆ ಹತ್ತು ಹೊಂದುತ್ತೆ ಅತ್ತಿಗೆ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಅತ್ತಿದ್ದಳು, ನಾಲ್ಕು ವರ್ಷ ಮಾತು ಹೊಂದದವರಿಗೆ ಮೂಳೆಯೊಳಗಿನ ಮಜ್ಜೆ ಹೊಂದುತ್ತದಂತೆ, ಇದು ಹೇಗೆ, ಮಾತಿಗೂ ಮಜ್ಜೆಗೂ ಸಂಬಂಧವೇ ಇಲ್ಲವೇ, ಕೇಳಬೇಕು, ಡಾಕ್ಟರನ್ನು ಕೇಳಬೇಕು. ಕೇಳುವುದೇ ನನ್ನ ಕಾಯಿಲೆ. ಕೇಳಿದ್ದರೆ ಚೆನ್ನಾಗಿರುತ್ತಿತ್ತು, ಆವತ್ತು ಕೇಳಲಿಲ್ಲವಲ್ಲ, ಹಿಂಬಾಲಿಸಿದೆನಲ್ಲ — ದಿನಾ ಒಂಬತ್ತಕ್ಕೆ ಊಟದ ಡಬ್ಬಿ ಹಿಡಿದು ಆಫೀಸಿಗೆ ಹೊರಡುವ ತಮ್ಮನ ಬೂಟಿನಲ್ಲಿ ಆಫೀಸಿನ ದಾರಿಯ ಕೆಂಪು ಧೂಳು ಯಾಕಿಲ್ಲ ಎಂದು ತಲೆಗೆ ಹುಳ ಬಿಟ್ಟುಕೊಂಡು, ಅಂಗಡಿಗೆ ಬಾಗಿಲು ಹಾಕಿ, ಎರಡು ಬೀದಿ ಹಿಂದೆ ಹಿಂದೆ ಹೋದೆ, ಅವನು ಲೈಬ್ರರಿ ಹೊಕ್ಕ, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತ, ಒಂದು ಪುಸ್ತಕ ಬಿಡಿಸಿಟ್ಟುಕೊಂಡು ಸಂಜೆಯವರೆಗೆ ಒಂದು ಹಾಳೆಯನ್ನೂ ತಿರುಗಿಸಲಿಲ್ಲ. ಕೆಲಸ ಹೋಗಿ ಐದು ತಿಂಗಳಾಗಿತ್ತು. ಅದನ್ನು ಅವನ ಹೆಂಡತಿಗೆ ನಾನು ಹೇಳಿದೆ, ಅವನಿಗಿಂತ ಮೊದಲು, ಒಗಟು ಬಿಡಿಸಿದ ಖುಷಿಯಲ್ಲಿ, ಹೌದು, ಖುಷಿಯೇ, ಈಗ ಸುಳ್ಳು ಹೇಳಿಕೊಂಡು ಪ್ರಯೋಜನವಿಲ್ಲ. ಕೇಳಿದ್ರೆ ನಾನೇ ಹೇಳ್ತಿದ್ದೆ ಅಕ್ಕ, ನೀನು ಮನುಷ್ಯರನ್ನೂ ಮುಚ್ಚಳ ಬಿಚ್ಚಿ ನೋಡ್ತೀಯಲ್ಲ ಎಂದ, ಅಷ್ಟೇ, ಆ ವಾರವೇ ಬೇರೆ ಊರಿಗೆ ಹೊರಟ. ಹದಿನೈದು ದಿನದ ಹಿಂದೆ ನನ್ನೂರಿನ ಆಸ್ಪತ್ರೆಯಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿ ಆರೋಗ್ಯವಂತೆ ಎಂದು ಕಾಗದ ಕಳಿಸಿದರು, ಅದನ್ನು ನಂಬಿ ರೋಗ ಹತ್ತಿದ ತಮ್ಮನ ಸ್ವಂತ ಮಜ್ಜೆಯನ್ನು ಔಷಧಿ ಹಾಕಿ ಸುಡುತ್ತಿದ್ದಾರೆ, ಐದು ದಿನದಿಂದ, ಇನ್ನು ಹಿಂದಕ್ಕೆ ಹೋಗುವ ದಾರಿಯಿಲ್ಲ, ನಾಳೆ ನನ್ನದು ಅವನೊಳಗೆ ಹೋಗಲೇಬೇಕು. ಜ್ವರ, ನೆಗಡಿ, ಗಾಯ, ಏನಿದ್ದರೂ ಮುಚ್ಚಿಡಬೇಡಿ ಎಂದು ಕಾಗದದಲ್ಲಿ ದಪ್ಪಕ್ಷರದಲ್ಲಿದೆ, ತಿಗಣೆಯ ಹೆಸರಿಲ್ಲ. ಅಂಗಿಯ ತೋಳು ಇಳಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಇಳಿಬಿಟ್ಟು ನೋಡಿದೆ, ಗುಂಡಿಯನ್ನೂ ಹಾಕಿದೆ. ಹೇಳಿದರೆ ವಾಪಸು ಕಳಿಸಿಬಿಟ್ಟರೆ? ಹೇಳದೆ ಇದರಿಂದ ತಮ್ಮನಿಗೆ ಏನಾದರೂ ರೋಗ ಹೋಗಿಬಿಟ್ಟರೆ? ಡಬ್ಬಿಯಲ್ಲಿ ಅವನು ಗೋಡೆ ಹತ್ತುತ್ತಾನೆ, ಜಾರುತ್ತಾನೆ, ಮತ್ತೆ ಹತ್ತುತ್ತಾನೆ, ಪ್ಲಾಸ್ಟಿಕ್ಕಿನ ನುಣುಪು ಅವನ ಕಾಲಿಗೆ ಹಿಡಿಸುತ್ತಿಲ್ಲ.

ಆಸ್ಪತ್ರೆಯ ಗೇಟಿನ ಹತ್ತಿರ ತಮ್ಮನ ಹೆಂಡತಿ ಎರಡೂ ಕೈ ಚಾಚಿಕೊಂಡು ಬಂದಳು, ಬಳಲಿದ ಮುಖ, ಬಾಚದ ತಲೆ, ಮುಟ್ಟಬೇಡ ಎಂದು ನಾನೇ ಎರಡು ಹೆಜ್ಜೆ ಹಿಂದೆ ಸರಿದೆ, ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು, ಇನ್ನೂ ಕೋಪಾನಾ ಅತ್ತಿಗೆ ಎಂದಳು. ಅಯ್ಯೋ ಕೋಪ ಅಲ್ಲ ಮಾರಾಯ್ತಿ, ತಿಗಣೆ. ಬಾಯಿಂದ ಬಂದೇಬಿಟ್ಟಿತು, ಇನ್ನು ಮುಚ್ಚಿಡುವ ಮಾತೆಲ್ಲಿ. ಅವಳು ಗೋಡೆಗೆ ಒರಗಿದಳು, ಇವತ್ತೇನಾ ಕಚ್ಚಬೇಕಿತ್ತು ಎಂದಳು, ಯಾರನ್ನು ಬೈಯಬೇಕೋ ತಿಳಿಯದೆ ನನ್ನ ಬ್ಯಾಗನ್ನು ದುರುಗುಟ್ಟಿ ನೋಡಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೊದಲು ಗಂದೆ ನೋಡಿದಳು, ಜ್ವರ ನೋಡಿದಳು, ಕಂಕುಳ ಒತ್ತಿ ಗಂಟು ಹುಡುಕಿದಳು, ಕಚ್ಚಿದ್ದು ಇದೇ ಅಂತ ಗ್ಯಾರಂಟಿನಾ ಎಂದಾಗ ಡಬ್ಬಿ ಮೇಜಿನ ಮೇಲಿಟ್ಟೆ. ಹಿಡ್ಕೊಂಡೇ ಬಂದುಬಿಟ್ರಾ! ಮಸೂರ ಕೊಟ್ಟೆ, ಇಸಿದುಕೊಂಡು ಬಹಳ ಹೊತ್ತು ನೋಡಿದಳು, ರೋಗಿಗಳು ಹೊರಗೆ ಕಾಯುತ್ತಿದ್ದರೂ ನೋಡಿದಳು. ಒಳ್ಳೇದೇ ಆಯ್ತು, ಏನು ಕಚ್ಚಿತೋ ಗೊತ್ತಿಲ್ಲ ಅಂದಿದ್ರೆ ನಾನು ನಿಮ್ಮನ್ನ ಒಳಗೆ ಬಿಡೋಕೆ ಹಿಂದೆಮುಂದೆ ನೋಡ್ತಿದ್ದೆ, ಇದು ತುರಿಸುತ್ತೆ ಅಷ್ಟೇ, ರೋಗ ತರೋದು ಕಾಣೆ, ಆದ್ರೂ ಇನ್ನೊಂದು ಸಲ ರಕ್ತ ನೋಡಿಬಿಡ್ತೀನಿ, ಬ್ಯಾಗು ಬಟ್ಟೆ ಒಂದೂ ವಾರ್ಡಿಗೆ ಬರಕೂಡದು, ಉಗುರು ಹಾಕಿ ಗಾಯ ಮಾತ್ರ ಮಾಡ್ಕೋಬೇಡಿ. ನರ್ಸು ನನ್ನ ಬ್ಯಾಗನ್ನು ಎರಡು ಪದರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಟು ಹಾಕಿದಳು, ಬಟ್ಟೆ ಬಿಸಿನೀರಿನ ಯಂತ್ರಕ್ಕೆ ಹೋಯಿತು, ನಾನು ತಲೆಗೆ ನೀರು ಹಾಕಿಕೊಂಡು ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು ಬೆಂಚಿನಲ್ಲಿ ಕೂತೆ, ಕೈಯಲ್ಲಿ ಗಡಿಯಾರವೂ ಇಲ್ಲ, ಎಷ್ಟು ಹೊತ್ತು ಕಾದೆನೋ, ಬೆರಳುಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕಾದೆ, ತುರಿಕೆಗೆ ಮುಖ ತಿರುಗಿಸಿದರೆ ಅದು ಎರಡರಷ್ಟಾಗುತ್ತದೆ, ನೇರ ನೋಡಿದರೆ ಸ್ವಲ್ಪ ತಗ್ಗುತ್ತದೆ, ಬಸ್ಸಿನಲ್ಲಿ ಇದಕ್ಕೆ ತದ್ವಿರುದ್ಧವಿತ್ತಲ್ಲ, ಯಾಕೆ. ತಮ್ಮನ ಹೆಂಡತಿ ಬಂದು ಪಕ್ಕದಲ್ಲಿ, ಈ ಸಲ ಭುಜಕ್ಕೆ ಭುಜ ತಾಗಿಸಿ ಕೂತು, ರಕ್ತ ಚೆನ್ನಾಗಿದೆಯಂತೆ ಎಂದಳು.

ದಪ್ಪ ಗಾಜು, ಅದರಾಚೆ ತಮ್ಮ. ಕೂದಲಿಲ್ಲ, ಹುಬ್ಬೂ ಇಲ್ಲ, ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಎಲ್ಲಿರುತ್ತದೆ ಎಂದು ಹುಡುಕಿದೆ, ಸಿಗಲಿಲ್ಲ. ಗೋಡೆಯ ಫೋನು ಕಿವಿಗೆ ಹಿಡಿದೆ, ಅವನೂ ಹಿಡಿದ, ನನ್ನ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳ ನೂಕುನುಗ್ಗಲು — ನೋವಿದೆಯಾ, ಎಲ್ಲಿ, ಊಟ ಸೇರುತ್ತಾ, ಆವತ್ತು ಲೈಬ್ರರಿಯಲ್ಲಿ ನಿನ್ನ ಮುಂದೆ ಬಿಡಿಸಿಟ್ಟ ಪುಸ್ತಕ ಯಾವುದು, ಇಡೀ ದಿನ ಏನು ಯೋಚಿಸುತ್ತಿದ್ದೆ — ಬಾಯಿ ಬಿಗಿದುಕೊಂಡೆ. ಕೇಳಬಾರದು ಎಂದಲ್ಲ, ಹೇಳಬೇಕೆನಿಸಿದಾಗ ಅವನೇ ಹೇಳಲಿ ಎಂದು. ಎಷ್ಟು ಕಾಲು ಎಂದ. ಏನು? ತಿಗಣೆಗೆ, ಇವಳು ಹೇಳಿದ್ಲು, ಹಿಡಿದು ತಂದಿದೀಯಂತೆ, ಎಷ್ಟು ಕಾಲು? ಆರು ಎಂದೆ. ರೆಕ್ಕೆ? ಇಲ್ಲ ಕಣೋ, ಇದ್ದ ಗುರುತು ಮಾತ್ರ ಇದೆ. ಕಣ್ಣು? ಎರಡು, ಪಕ್ಕಕ್ಕೆ ಉಬ್ಬಿದೆ. ಕಚ್ಚುವಾಗ ಗೊತ್ತಾಗಲ್ವಾ? ಆಗ ಗೊತ್ತಾಗಲ್ಲ ಎಂದೆ, ಆಮೇಲೇ ಗೊತ್ತಾಗೋದು. ನಾಳೆಯ ಭಯ, ಸೂಜಿಯ ಭಯ, ನಾಲ್ಕು ವರ್ಷ, ಎಲ್ಲ ಆ ಗಾಜಿಗೆ ಬಂದು ನಿಂತ ಹಾಗಿತ್ತು. ತೋರಿಸು ನೋಡೋಣ ಎಂದ. ನಿಲುವಂಗಿಯ ತೋಳು ಮೇಲೇರಿಸಿ ಮಣಿಕಟ್ಟನ್ನು ಗಾಜಿಗೆ ಒತ್ತಿ ಹಿಡಿದೆ, ಅವನು ಹಾಸಿಗೆಯಿಂದ ಮೆಲ್ಲಗೆ ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದು, ಒಂದೊಂದಾಗಿ ಮೂರನ್ನೂ ನೋಡಿದ, ಗಾಜು ಅವನ ಉಸಿರಿಗೆ ಮಂಜಾಯಿತು, ಅಂಗೈಯಿಂದ ಒರೆಸಿ ಮತ್ತೆ ನೋಡಿದ — ಮತ್ತು ಅವನ ಬಲಗೈ, ಅವನಿಗೇ ತಿಳಿಯದ ಹಾಗೆ, ತನ್ನ ಎಡಗೈಯ ಕಡೆಗೆ ಹೋಯಿತು, ಯಾವ ಹುಳವೂ ಮುಟ್ಟದ, ಕಾಗದದಂಥ ಬಿಳಿ ಮಣಿಕಟ್ಟು, ಅಲ್ಲಿ ಸರಿಯಾಗಿ ಅದೇ ಜಾಗದಲ್ಲಿ ತುರಿಸಿಕೊಳ್ಳುತ್ತಿದ್ದಾನೆ, ಮೆಲ್ಲಗೆ, ಬೆರಳ ತುದಿಯಿಂದ, ಡಾಕ್ಟರು ನಾಳೆ ಎಂಟಕ್ಕೆ ಎನ್ನುತ್ತಿದ್ದಾಳೆ, ಅವನ ಹೆಂಡತಿ ಏನೋ ಕೇಳುತ್ತಿದ್ದಾಳೆ, ಅವನು ತುರಿಸಿಕೊಳ್ಳುತ್ತಿದ್ದಾನೆ, ಬಿಳಿ ಮಣಿಕಟ್ಟು, ಏನೂ ಇಲ್ಲದ ಕಡೆ, ತುರಿಸಿಕೊಳ್ಳುತ್ತಿದ್ದಾನೆ