ಬಲತುದಿಯಲ್ಲಿ ನಿಂತವರು

"ಇವರ ಹೆಸರೇ ಇಲ್ಲಲ್ರಿ," ಎಂದು ಮಹೇಶ್ವರಿ ಹಳೆಯ ಗ್ರೂಪ್ ಫೋಟೋದ ಧೂಳು ಒರೆಸಿ, ಬಲತುದಿಯಲ್ಲಿ ನಿಂತ ಹೆಂಗಸನ್ನು ತೋರಿಸಿದಳು. ಗ್ರಂಥಾಲಯದ ಅಮಸಿದ್ದಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಹಜರತಬಿ ಟೀಚರ್. ಹಿಂದಿ ಕಲಸ್ತಿದ್ರು. ಕಾಯಂ ಇರಲಿಲ್ಲ ನೋಡ್ರಿ, ಹೆಸರು ಬರಸಿಲ್ಲ."

ಊರವರು ಪೇಟೆ ಕಾಲೇಜು ಎನ್ನುವ ಆ ಸರ್ಕಾರಿ ಕಾಲೇಜಿಗೆ ಐವತ್ತು ವರ್ಷ ತುಂಬುತ್ತಿತ್ತು. ಸ್ಮರಣ ಸಂಚಿಕೆಗೆ ಕಾಲೇಜಿನ ಇತಿಹಾಸ ಬರೆಯುವ ಕೆಲಸವನ್ನು ಪ್ರಿನ್ಸಿಪಾಲ ವಿಜಯಮಹಾಂತೇಶ ಅವರು ಮಹೇಶ್ವರಿಗೆ ಒಪ್ಪಿಸಿದ್ದರು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಇತಿಹಾಸ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿ ಆಕೆ. ವರ್ಷ ಮುಗಿದರೆ ಬಿಡುಗಡೆ, ಜೂನ್ ಬಂದರೆ ಹೊಸ ಅರ್ಜಿ. 'ಹತ್ತೊಂಬತ್ತು ವರ್ಷದ ಅತಿಥಿ' ಎಂದು ಬೇರೆಯವರು ನಗುವ ಮೊದಲೇ ತಾನೇ ನಗುತ್ತಿದ್ದಳು.

ಹಜರತಬಿ ಹದಿನೇಳು ಫೋಟೋಗಳಲ್ಲಿದ್ದರು. ಎಲ್ಲದರಲ್ಲೂ ನಿಂತವರ ಸಾಲಿನ ಬಲತುದಿಯಲ್ಲಿ. ಮೊದಲನೆಯದರಲ್ಲಿ ಎರಡು ಜಡೆಯ ಹುಡುಗಿ. ಕೊನೆಯದರಲ್ಲಿ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

ಭಾನುವಾರ ಮಹೇಶ್ವರಿ ಹುನಗುಂದದ ತನ್ನ ಮನೆಯಿಂದ ಅಮೀನಗಡಕ್ಕೆ ಹೋದಳು. ಕರದಂಟಿನ ಅಂಗಡಿಯ ಹಿಂದಿನ ಓಣಿ. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮನೆಯೊಳಗೂ ತುಂಬಿತ್ತು. ಎಪ್ಪತ್ತು ದಾಟಿದ ಹಜರತಬಿ ಚಹಾ ಕೊಟ್ಟರು. ಮಹೇಶ್ವರಿಯದೂ ಅದೇ ಅತಿಥಿ ಕೆಲಸವೆಂದು ತಿಳಿದು ಹತ್ತಿರ ಸರಿದು ಕೂತರು.

"ಹದಿನೇಳು ಅರ್ಜಿ ಬರದೆ. ಹದಿನೆಂಟನೇ ವರ್ಷ ಬರೀಲಿಲ್ಲವ್ವಾ. ಯಾಕ ಬರೀಲಿಲ್ಲ ಅಂತ ಯಾರೂ ಕೇಳಲಿಲ್ಲ."

"ಈ ಸಲ ನಿಮ್ಮ ಹೆಸರು ಪುಸ್ತಕದಾಗ ಬರ್ತದ್ರಿ, ಟೀಚರ್."

"ತಗಿ ಅಂತಾರ."

"ಯಾರು ತಗೀತಾರ್ರಿ? ಬರಿಯಾಕಿ ನಾನ ಅಲ್ಲೇನ್ರಿ?"

ಹಜರತಬಿ ಆಕೆಯ ಮುಖವನ್ನೇ ನೋಡಿದರು. "ತಗಿ ಅಂದ್ರ ತಗದಬಿಡು. ನನಗೇನು ಬ್ಯಾಸರಿಲ್ಲ. ನಿನ್ನ ಅರ್ಜಿ ಕೆಡಿಸ್ಕೋಬ್ಯಾಡ."

ಪ್ರಿನ್ಸಿಪಾಲರು ಕೆಟ್ಟವರಲ್ಲ. ಕುರ್ಚಿ ತೋರಿಸಿ ಕೂರಿಸಿದರು, ಅಚ್ಚಿಗೆ ಹೋಗಬೇಕಿದ್ದ ಪುಟಗಳನ್ನು ಮುಂದಿಟ್ಟರು.

"ಭಾಳ ಚಲೋ ಬರದೀರಿ, ಮೇಡಂ. ಈ ಹಜರತಬಿಯವರ ಪ್ಯಾರಾ ಅಷ್ಟ ತಗೀರಿ. ಹದಿನೇಳು ವರ್ಷ ದುಡದ್ರು ಅಂತ ನಮ್ಮ ಪುಸ್ತಕದಾಗ ಅಚ್ಚಾದ್ರ ಅದು ದಾಖಲಿ ಆಗ್ತದ. ನಾಳೆ ನೀವೆಲ್ಲಾ ಅದನ್ನ ಹಿಡಕೊಂಡು ಕಾಯಂ ಮಾಡ್ರಿ ಅಂತ ಕೋರ್ಟಿಗೆ ಹೋಗ್ತೀರಿ. ಮ್ಯಾಲಿನವ್ರು ನನ್ನ ಕೇಳ್ತಾರ."

"ಬರದದ್ದು ಖರೇ ಅದ ಅಲ್ರಿ, ಸರ್?"

"ಖರೇ ಅದ. ಅದಕ್ಕ ಹೇಳಾಕತ್ತೇನಿ."

"ಹಂಗಾದ್ರ ನೀವ ತಗೀರಿ."

"ಬರದವ್ರು ತಗದ್ರ ಚಂದ," ಎಂದು ಅವರು ಪೆನ್ನನ್ನು ಆಕೆಯತ್ತ ಸರಿಸಿದರು.

ಅವರ ಮೊಣಕೈ ಕೆಳಗೆ ಆಕೆಯ ಇಪ್ಪತ್ತನೆಯ ಅರ್ಜಿ ಇತ್ತು. ಸಹಿಯ ಜಾಗ ಖಾಲಿ. ಅವರು ಅದರ ಮಾತೆತ್ತಲಿಲ್ಲ. ಎತ್ತಿದ್ದರೆ ಮಹೇಶ್ವರಿಗೆ ಜಗಳಕ್ಕೊಂದು ದಾರಿ ಸಿಗುತ್ತಿತ್ತು. ಆಕೆಗೀಗ ನಲವತ್ತಾರು. ಕಾಯಂ ನೌಕರಿಯ ವಯಸ್ಸು ಯಾವಾಗಲೋ ದಾಟಿತ್ತು, ಬೇರೆ ಕೆಲಸ ಬರುತ್ತಿರಲಿಲ್ಲ. ಕಿಟಕಿಯಾಚೆ ಹೊಸದಾಗಿ ಸೇರಲು ಬಂದ ಹುಡುಗಿಯರು ನಗುತ್ತ ಹಾದುಹೋದರು.

ಪೆನ್ನು ತೆಗೆದುಕೊಂಡಳು. ಒಂದು ಗೆರೆ ಎಳೆದಳು. ಗೆರೆಯ ಕೆಳಗೆ ಹೆಸರು ಇನ್ನೂ ಓದಲು ಬರುತ್ತಿತ್ತು. ಮತ್ತೊಮ್ಮೆ ಎಳೆದಳು, ಇನ್ನೊಮ್ಮೆ ಎಳೆದಳು, ಕಾಗದ ಹರಿಯಿತು. ಪ್ರಿನ್ಸಿಪಾಲರು ಅರ್ಜಿಗೆ ಸಹಿ ಹಾಕಿ ಕೊಟ್ಟರು.

ಸಂಜೆ ಹುನಗುಂದದ ಬಸ್ಸು ಕಿಕ್ಕಿರಿದಿತ್ತು. ಮಹೇಶ್ವರಿ ಬಾಗಿಲ ಮೆಟ್ಟಿಲ ಮೇಲೆ ಬ್ಯಾಗನ್ನು ಎದೆಗೊತ್ತಿಕೊಂಡು ನಿಂತಳು.

"ಅಕ್ಕಾರ, ಒಳಗ ಸರೀರಿ, ಬಾಗಲಾ ಹಾಕಬೇಕು," ಎಂದ ಕಂಡಕ್ಟರ್.

ಸರಿಯಲು ಜಾಗವಿರಲಿಲ್ಲ. ಬಾಗಿಲು ಬೆನ್ನಿಗೆ ಒತ್ತಿ ಮುಚ್ಚಿಕೊಂಡಿತು. ಸೀರೆಯ ಸೆರಗಿನ ತುದಿ ಹೊರಗೇ ಸಿಕ್ಕಿಕೊಂಡು, ದಾರಿಯುದ್ದಕ್ಕೂ ತಗಡಿಗೆ ಪಟಪಟ ಬಡಿಯುತ್ತಿತ್ತು.