ಮಾಣಕಿಯ ಗದ್ದದ ಕಪ್ಪು

ಜೋಳದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಇಜೇರಿ ಎಂಬ ಊರಿನ ಗುರಮ್ಮನ ಮನೆಯಲ್ಲೂ ಒಂದಿತ್ತು. ಮೈಯೆಲ್ಲ ಬಿಳಿ, ಹೆಸರು ಮಾಣಕಿ. ಒಂದು ಬೆಳಿಗ್ಗೆ ಅದು ಒಲೆಯ ಮುಂದೆ ತಲೆಯೆತ್ತಿ ಆಕಳಿಸಿದಾಗ ಗುರಮ್ಮ ನೋಡಿದಳು. ಗದ್ದದ ತುಂಬ ಸಾಸಿವೆ ಉದುರಿಸಿದಂತೆ ಕಪ್ಪು ಚುಕ್ಕೆ! ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ನೀರು ಹಚ್ಚಿ ತಿಕ್ಕಿದಳು, ಆಗಲೂ ಹೋಗಲಿಲ್ಲ.

ಈ ಗುರಮ್ಮನ ಸ್ವಭಾವ ಒಂದಿಷ್ಟು ಹೇಳಬೇಕು. ಹಸಿದು ಬಂದವರಿಗೆ ರೊಟ್ಟಿ ಇಲ್ಲ ಎಂದವಳಲ್ಲ. ಆದರೆ ಅನುಮಾನವಿಲ್ಲದೆ ಅವಳಿಗೆ ಒಂದು ದಿನವೂ ಕಳೆಯುತ್ತಿರಲಿಲ್ಲ. ಹಾಲಿನವಳು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾಳೆ. ನಗದಿದ್ದರೆ ಖಂಡಿತ ಬೆರೆಸಿದ್ದಾಳೆ!

"ಇದು ಭಾನಾಮತಿ," ಎಂದಳು ಗಂಡ ದೌಲತರಾಯನಿಗೆ. "ಯಾರೋ ಮಾಟದ ಕಾಡಿಗಿ ಹಚ್ಚ್ಯಾರ. ಇವತ್ತು ಬೆಕ್ಕಿಗಿ, ನಾಳಿ ನಮಗ."

"ಯಾರು ಹಚ್ತಾರ ಬೇ? ಅವರಿಗಿ ಬ್ಯಾರೆ ಕೆಲಸಿಲ್ಲೇನು?"

"ಬೆಕ್ಕು ದಿನಾ ಯಾರ ಮನಿಗಿ ಹೋಗ್ತದ? ಕಾಶಿಬಾಯಿ ಮನಿಗಿ! ತನಗ ಕುಡಿಯಾಕ ಹಾಲಿಲ್ಲ, ನಮ್ಮ ಬೆಕ್ಕಿಗಿ ಯಾಕ ಹಾಕ್ತಾಳ?"

ಕಾಶಿಬಾಯಿ ಪಕ್ಕದ ಮನೆಯ ಒಂಟಿ ಹೆಂಗಸು. ಊರವರ ಹಳೆ ಸೀರೆಗಳಲ್ಲಿ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಗಂಡ ತೀರಿದ ಮೇಲೆ ಅವಳ ಹೊಸ್ತಿಲು ತಾನಾಗಿ ದಾಟಿ ಬರುತ್ತಿದ್ದ ಜೀವ ಈ ಮಾಣಕಿ ಒಂದೇ.

ಗುರಮ್ಮ ತನ್ನ ಮಾತನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಬಾವಿಕಟ್ಟೆಗೆ ಒಯ್ದಳು. ಅಲ್ಲಿಂದ ಮಾತು ಒಂದೊಂದು ಕೊಡದ ಜೊತೆ ಒಂದೊಂದು ಮನೆ ಸೇರಿತು. ಕೌದಿಗೆಂದು ಸೀರೆ ಕೊಟ್ಟವರು ಬಂದು ವಾಪಸು ಒಯ್ದರು. ಕಾಶಿಬಾಯಿ ನೀರಿಗೆ ಬಂದರೆ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿ ಸರಿದರು. ಪಂಚರನ್ನು ಕೂಡಿಸಿ ಅವಳನ್ನು ಊರು ಬಿಡಿಸಬೇಕೆಂದು ಗುರಮ್ಮ ಗಂಡನ ಬೆನ್ನು ಬಿದ್ದಳು.

ಕಾಶಿಬಾಯಿ ಬಾಗಿಲಿಗೇ ಬಂದಳು. "ಅಕ್ಕಾ, ನಾ ಏನ್ ಮಾಡೇನಿ? ಬೇಕಾದ್ರ ನನ್ನ ಸೂಜಿ ಮ್ಯಾಲೆ ಆಣಿ ಇಡ್ತೇನಿ. ಊರು ಬಿಡಿಸಿದ್ರ ನಾ ಎಲ್ಲಿಗಿ ಹೋಗ್ಲಿ?"

"ಆಣಿ ಎಲ್ಲಾರೂ ಇಡ್ತಾರ," ಎಂದು ಗುರಮ್ಮ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಮಾಣಕಿಯನ್ನು ಜೋಳದ ಕೋಣೆಯಲ್ಲಿ ಕೂಡಿಹಾಕಿದಳು. ಕಿಟಕಿಗೆ ಗೋಣಿ ತುರುಕಿದಳು. "ಇನ್ನ ಆಕಿ ಕೈ ಹ್ಯಾಂಗ ಮುಟ್ತದ ನೋಡ್ತೇನಿ," ಎಂದು ತಾನೇ ಹಾಲು ಹಾಕಿದಳು, ರೊಟ್ಟಿ ಮುರಿದು ಮೇಲೆ ಕುಸುಬಿ ಎಣ್ಣೆ ಸುರಿದಳು. ಸಂಜೆಯಾದರೆ ಬೆಕ್ಕನ್ನು ತೊಡೆಯ ಮೇಲೆ ಅದುಮಿ ಹಿಡಿದು, ಕಪ್ಪು ಚುಕ್ಕೆಗಳನ್ನು ಉಗುರಿನಿಂದ ಹಿಚುಕಿ, ಎಣ್ಣೆ ಅರಿಶಿನ ಬಳಿದಳು. ಪಾಪ, ಮಾಣಕಿ ಕೂಗಿದ ಕೂಗು ಓಣಿಗೆಲ್ಲ ಕೇಳಿತು. ವಾರ ಕಳೆಯುವುದರೊಳಗೆ ಗದ್ದ ಊದಿ ಕೆಂಪಾಗಿ ಕೀವು ಕಟ್ಟಿತು. ಬೆಕ್ಕು ತಿನ್ನುವುದನ್ನೇ ಬಿಟ್ಟಿತು.

"ನೋಡಿದ್ರಿ? ಆಕಿ ಕುಂತಲ್ಲೇ ಮಾಡಾಕತ್ತಾಳ!" ಎಂದು ಗುರಮ್ಮ ಎದೆ ಬಡಿದುಕೊಂಡಳು. "ನಾಳಿನೇ ಪಂಚರನ್ನ ಕೂಡಸ್ರಿ."

ಪುಣ್ಯಕ್ಕೆ ಮರುದಿನ ಬೆಳಿಗ್ಗೆಯೇ, ಎತ್ತಿನ ಕಾಲು ನೋಡಲು ಜೇವರ್ಗಿಯಿಂದ ಸಲೋತ್ರಿ ಬಂದರು. ಸಲೋತ್ರಿ ಎಂದರೆ ದನದ ಡಾಕ್ಟರು. ದೌಲತರಾಯ ಎತ್ತು ತೋರಿಸಿದ ಮೇಲೆ, ಹೆಂಡತಿ ಬೇಡವೆಂದರೂ ಕೇಳದೆ, ಬೆಕ್ಕನ್ನೂ ತಂದು ಮುಂದಿಟ್ಟು, ಮಾಟದ ಸುದ್ದಿಯನ್ನೆಲ್ಲ ಹೇಳಿದ.

ಸಲೋತ್ರಿ ಗದ್ದವನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಮಾಟ ಅಲ್ರಿ ಅಕ್ಕಾರ. ಮೊಡವಿ."

"ಬೆಕ್ಕಿಗಿ ಮೊಡವಿ? ಮದುವಿ ವಯಸ್ಸಿಗಿ ಬಂದದೇನ್ರಿ ಅದು?"

"ಮನಷ್ಯಾರಿಗಿ ಆದಂಗ ಬೆಕ್ಕಿಗೂ ಆಗ್ತದ್ರಿ. ಗದ್ದದ ಕೂದಲಿನ ಬುಡದಾಗ ಜಿಡ್ಡು ಕಟ್ಟಿ ಕಪ್ಪಾಗ್ತದ. ನೀವು ಉಗುರು ಹಾಕಿ ಹುಣ್ಣು ಮಾಡೀರಿ."

ಗುರಮ್ಮನ ಕಣ್ಣು ಸಣ್ಣದಾಯಿತು. "ಬರೂವಾಗ ಕಾಶಿಬಾಯಿ ಮನ್ಯಾಗ ಏನರ ಕುಡದು ಬಂದೀರೇನು?"

ದೌಲತರಾಯ ನಾಚಿಕೆಯಿಂದ ನೆಲ ನೋಡಿದ. ಸಲೋತ್ರಿ ನಕ್ಕುಬಿಟ್ಟರು. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದಂಗಾತು ನಿಮ್ಮದು. ಬೆಕ್ಕು ಆಕಿ ಮನಿಗಿ ಹೋಗಿ ಎಷ್ಟ ದಿನ ಆತು?"

"ವಾರ ಆತು. ಕೋಣಿ ಕೀಲಿ ನನ್ನ ಸೆರಗಿನ್ಯಾಗ ಅದ. ನೊಣ ಸುದ್ದಾ ಒಳಗ ಹೋಗಿಲ್ಲ."

"ಆಕಿ ಮನಿಗಿ ಹೋಗ್ತಿದ್ದಾಗ ಹೆಚ್ಚಿತ್ತೋ, ಈ ವಾರದಾಗ ಹೆಚ್ಚಾತೋ?"

ಗುರಮ್ಮ ಬಗ್ಗಿ ಬೆಕ್ಕಿನ ಗದ್ದವನ್ನು ಮತ್ತೊಮ್ಮೆ ನೋಡಿದಳು. "ಈ ವಾರದಾಗ," ಎಂದಳು.

"ಈ ವಾರ ಎಲ್ಲಾ ಯಾರ ಕೈಲೆ ತಿಂದದ?"

"ನನ್ನ ಕೈಲೆ," ಎಂದಳು. ಧ್ವನಿ ಅರ್ಧಕ್ಕರ್ಧ ಇಳಿದಿತ್ತು.

"ಯಾವುದ್ರಾಗ ತಿಂದದ? ತರ್ರಿ."

ತಂದದ್ದು ಒಡೆದ ಗಡಿಗೆಯ ತಳ. ಬೆಕ್ಕಿನ ಎಂಜಲು ತಾಗಿದರೆ ಒಳ್ಳೆಯ ಪಾತ್ರೆ ಮೈಲಿಗೆ ಎಂದು ನಮ್ಮಲ್ಲಿ ಎಲ್ಲರೂ ಬೆಕ್ಕಿಗೆ ಇಡುವುದು ಇಂಥದ್ದೇ ಅಲ್ಲವೇ? ತೊಳೆದದ್ದು ಯಾವಾಗ ಎಂದು ಸಲೋತ್ರಿ ಕೇಳಿದರು.

"ಬೆಕ್ಕಿನ ಗಡಗಿ ಚೂರು ಯಾರು ತೊಳಿತಾರ್ರಿ? ಅದೇ ನೆಕ್ಕಿ ಸ್ವಚ್ಛ ಮಾಡ್ತದ."

ಸಲೋತ್ರಿ ಚೂರಿನೊಳಗೆ ಬೆರಳಾಡಿಸಿ ಗುರಮ್ಮನ ಮೂಗಿನ ಹತ್ತಿರ ಹಿಡಿದರು. ಹಳೆಯ ಹಾಲು, ಕಮಟು ಎಣ್ಣೆ. ಗುರಮ್ಮ ಹಿಂದಕ್ಕೆ ಸರಿದಳು.

"ಬೆಕ್ಕು ದಿನಾ ಇದ್ರಾಗ ಗದ್ದ ಊರಿ ತಿಂತದ. ಬಿರುಕಿನಾಗಿನ ಹೊಲಸು, ಜಿಡ್ಡು ಎಲ್ಲಾ ಗದ್ದಕ್ಕ ಮೆತ್ಕೋತದ. ಮ್ಯಾಲೆ ನೀವು ಮತ್ತ ಎಣ್ಣಿ ಹಚ್ಚೀರಿ. ಬ್ಯಾರೆ ಕಾರಣಕ್ಕೂ ಮೊಡವಿ ಬರ್ತಾವ್ರಿ, ಆದ್ರ ಮೊದಲ ನೋಡೂದು ತಾಟು. ಇದನ್ನ ಒಗೀರಿ. ನುಣ್ಣನ್ನ ಪಿಂಗಾಣಿ ಬಸಿನೋ, ತಗ್ಗಿಲ್ಲದ ಅಲ್ಯುಮಿನಿಯಂ ತಾಟೋ ಇಡ್ರಿ, ದಿನಾ ತೊಳೀರಿ. ಕಾಸಿದ ನೀರಾಗ ಚೂರು ಉಪ್ಪು ಹಾಕಿ, ಕೈ ತಾಳೂವಷ್ಟು ಆರಿದ ಮ್ಯಾಲೆ ಮೆತ್ತನ್ನ ಅರಿವಿ ಅದ್ದಿ ಗದ್ದಕ್ಕ ಹಿಡೀರಿ, ಮುಂಜಾನಿ ಒಮ್ಮೆ, ಸಂಜಿ ಒಮ್ಮೆ. ತಿಕ್ಕಬ್ಯಾಡ್ರಿ, ಹಿಚುಕಬ್ಯಾಡ್ರಿ. ಕೀವು ಆಗ್ಯದಲ್ಲ, ಅದಕ್ಕ ನಾನೇ ಔಷಧ ಹಚ್ತೇನಿ."

ಗುರಮ್ಮ ಪೂರ್ತಿ ನಂಬಿದಳೇ? ಎಲ್ಲಿಯ ಮಾತು! ಉಪ್ಪುನೀರನ್ನು ಮೊದಲು ತಾನೇ ನೆಕ್ಕಿ ನೋಡಿದಳು. ಗಂಡನಿಗೂ ನೆಕ್ಕಿಸಿದಳು. ಆಮೇಲೆಯೇ ಬೆಕ್ಕಿಗೆ ಹಿಡಿದಳು. ಆದರೆ ಪಂಚರ ಮಾತು ಮತ್ತೆ ಎತ್ತಲಿಲ್ಲ. ಕೆಲವು ದಿನಕ್ಕೆ ಊತ ಇಳಿಯಿತು, ಮಾಣಕಿ ತಿನ್ನತೊಡಗಿತು. ನಿಧಾನಕ್ಕೆ ಕಪ್ಪೂ ಉದುರಿ ಗದ್ದ ಬೆಳ್ಳಗಾಯಿತು.

ಗುರಮ್ಮನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಬೆಕ್ಕಿನ ಗದ್ದ ಉಪ್ಪುನೀರಿಗೆ ವಾಸಿಯಾಯಿತು, ಊರಿನ ಬಾಯಿ ವಾಸಿಯಾಗುವುದೇ? ಪಕ್ಕದ ಮನೆಯಲ್ಲಿ ಕೌದಿ ಹೊಲಿಯುವ ಸದ್ದಿಲ್ಲ, ಒಲೆಯ ಹೊಗೆ ದಿನಕ್ಕೊಮ್ಮೆ ಎದ್ದರೆ ಹೆಚ್ಚು. ಅದನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಒಂದು ಮುಂಜಾನೆ ಆ ಗಡಿಗೆ ಚೂರನ್ನು ಹಿಡಿದು ಬಾವಿಕಟ್ಟೆಗೆ ಹೋದಳು. ಎಲ್ಲರೂ ಇದ್ದರು. ದೂರದಲ್ಲಿ ತನ್ನ ಸರದಿಗೆ ಕಾಯುತ್ತ ಕಾಶಿಬಾಯಿಯೂ ಇದ್ದಳು.

"ಕೇಳ್ರಿ ಎಲ್ಲಾರೂ! ಕಪ್ಪು ಇದ್ದದ್ದು ಇದ್ರಾಗ, ನನ್ನ ಮನ್ಯಾಗ. ನಾ ಸುಳ್ಳು ಹೇಳ್ದೆ, ನೀವು ನಂಬಿದ್ರಿ. ಕಾಶೀ, ಮುಂದ ಬಾ. ಮೊದಲ ಕೊಡ ನಿಂದು."

ಕಾಶಿಬಾಯಿ ಬಂದಳು. ಕೊಡ ತುಂಬಿಕೊಂಡಳು. ಗುರಮ್ಮನ ಮುಖ ನೋಡಲಿಲ್ಲ.

"ಸೀರಿ ವಾಪಸ್ ಒಯ್ದವರು ತಂದು ಕೊಡ್ರಿ," ಎಂದಳು ಕಾಶಿಬಾಯಿ. "ಮಾತು ಆಮ್ಯಾಲೆ ಆಡೂಣು."

ಮೊದಲ ಸೀರೆ ಗುರಮ್ಮನೇ ಒಯ್ದು ಕೊಟ್ಟಳು. ಮಧ್ಯಾಹ್ನದೊಳಗೆ ಉಳಿದವರೂ ಒಬ್ಬೊಬ್ಬರಾಗಿ ಒಯ್ದರು.

ಅವ್ವಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ನಿಮ್ಮ ಬೆಕ್ಕಿನ ತಟ್ಟೆ ನೋಡಿ. ಬಿರುಕು ಬಿಟ್ಟಿದ್ದರೆ ಎಸೆಯಿರಿ, ನುಣುಪಾದದ್ದನ್ನು ಇಟ್ಟು ದಿನವೂ ತೊಳೆಯಿರಿ. ಗದ್ದದಲ್ಲಿ ಕಪ್ಪು ಕಂಡರೆ ಉಗುರು ತಾಗಿಸಬೇಡಿ, ಎಣ್ಣೆ ಬಳಿಯಬೇಡಿ. ಊದಿದರೆ, ಕೀವಾದರೆ, ಬೆಕ್ಕು ಅನ್ನ ಬಿಟ್ಟರೆ ದನದ ಡಾಕ್ಟರಿಗೆ ತೋರಿಸಿ. ಮಾಟ ಮಂತ್ರ ಎಂದು ಯಾರಾದರೂ ನೆರೆಮನೆಯ ಕಡೆ ಬೆರಳು ತೋರಿಸಿದರೆ, ಆ ಬೆರಳನ್ನು ಮೊದಲು ಅವರ ಮನೆಯ ತಟ್ಟೆಯಲ್ಲಿ ಆಡಿಸಿ ನೋಡಲು ಹೇಳಿ.